ಹಳೆಯ ಶಾಸ್ತ್ರಗ್ರಂಥಗಳ ಅಚ್ಚಿನ ದೋಷಗಳು

ಹಳಗನ್ನಡದ ಶಾಸ್ತ್ರಗ್ರಂಥಗಳನ್ನು ಅಚ್ಚಿಗೆ ತಂದುದರಲ್ಲಿ ಮದರಾಸು ಮಾಡಿದ ಉಪಕಾರವನ್ನು ಗಡಿಭಾಗದ ನಾವು ಮರೆಯಲಾಗದು. ಮಂಗರಾಜನ ‘ಖಗೇಂದ್ರಮಣಿದರ್ಪಣ’ವನ್ನು ೧೯೪೨ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಪ್ರಕಟಿಸಿತು. ಚಾವುಂಡರಾಯನ ‘ಲೋಕೋಪಕಾರ’ವು ೧೯೫೦ರಲ್ಲಿಯೂ ರಾಜಾದಿತ್ಯನ ‘ವ್ಯವಹಾರಗಣಿತ’ವು ೧೯೫೫ರಲ್ಲಿಯೂ ಅಲ್ಲಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಿಂದ ಹೊರಬಂದುವು. ಹರೂರಿನಂತಹ ಊರಿನಲ್ಲಿ ಇಂತಹ ಪುಸ್ತಕದ ಒಂದು ಪ್ರತಿ ದೊರೆತರೆ ಅದೇ ಭಾಗ್ಯ. ಹೋಲಿಸಿ ನೋಡಲು ಎರಡನೆಯದೆಲ್ಲಿ? ಅದರಲ್ಲಿ ಅಚ್ಚು ತಪ್ಪಿದ್ದರೆ ನಮ್ಮ ಪಾಲಿಗೆ ಆ ತಪ್ಪೇ ಪಾಠವಾಗುತ್ತದೆ. ಹಾಗೆಂದು ಸಂಶಯ ಬಂದಲ್ಲೆಲ್ಲ ಶಾಯಿಯಿಂದ ತಿದ್ದಿಬಿಡುವ ನಮ್ಮವರ ಅಭ್ಯಾಸವನ್ನು ನಾವು ಒಪ್ಪಲಾರೆವು.

ಗಣಿತದಲ್ಲಿ ತಿದ್ದುವವನಿಗೆ ಒಂದು ಅನುಕೂಲವುಂಟು. ಹಿಂದೆ ನಾವು ಪಾಠ ಹೇಳುತ್ತಿದ್ದ ಅಂಕಗಣಿತದ ಪುಸ್ತಕವೊಂದರಲ್ಲಿ, ಉದ್ದ ೧೬ ಕೋಲು, ಅಗಲ ೯ ಕೋಲು ಇರುವ ಹೊಲದ ಕ್ಷೇತ್ರಫಲ ೯೬ ಚದರ ಕೋಲು ಎಂದು ಉತ್ತರ ಕೊಟ್ಟಿತ್ತು. ಹುಡುಗನೊಬ್ಬನು ಸರಿಯಾಗಿ ೧೪೪ ಎಂದು ಗುಣಿಸಿ, ಕೊನೆಯ ಪುಟ ತಿರುವಿ ನೋಡಿ, ತನ್ನ ಲೆಕ್ಕವನ್ನೇ ಅಳಿಸಿ ೯೬ ಎಂದು ಬರೆದು ತಂದನು. ಅಂದು ನಮಗೆ ಆದ ಸಂಕಟ ಇಂದಿಗೂ ಮರೆತಿಲ್ಲ. ತಪ್ಪಿದೆಯೆಂದು ಲೆಕ್ಕ ಹೇಳುತ್ತದೆ. ತಪ್ಪು ಎಲ್ಲಿದೆಯೆಂದು ಅದು ಹೇಳದು. ಉತ್ತರವನ್ನು ೧೪೪ ಎಂದು ತಿದ್ದಿದರೂ ಲೆಕ್ಕ ಸರಿಹೋಗುತ್ತದೆ, ಅಗಲವನ್ನು ೬ ಎಂದು ತಿದ್ದಿದರೂ ಸರಿಹೋಗುತ್ತದೆ. ಆಗ ಅಚ್ಚುಮೊಳೆಯ ಆಕಾರವನ್ನು ಸಾಕ್ಷಿಗೆ ಕರೆಯಬೇಕು. ಮೊಳೆ ಜೋಡಿಸುವವನ ಕೈಯಲ್ಲಿ ೬ ಹೋಗಿ ೯ ಬರುವುದು ಸುಲಭ. ೧೪೪ ಹೋಗಿ ೯೬ ಬರುವುದು ದುರ್ಲಭ. ಆದುದರಿಂದ ಅಗಲವೇ ತಪ್ಪು. ರಾಜಾದಿತ್ಯನ ಗ್ರಂಥವನ್ನು ಓದುವಾಗಲೂ ಈ ಎರಡು ಸಾಕ್ಷಿಗಳು ನಮಗೆ ನೆರವಾಗುತ್ತವೆ.

ವೈದ್ಯದಲ್ಲಿ ಹಾಗಿಲ್ಲ. ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯ. ಮದ್ದಿನ ಪ್ರಮಾಣ ಮೂರೋ ಆರೋ ಎಂಬುದನ್ನು ಯಾವ ಗುಣಾಕಾರವೂ ತಿಳಿಸದು. ಪದ್ಯವಾದುದರಿಂದ ಛಂದಸ್ಸು ಕಾಯುತ್ತದೆಯೆಂದು ಪಂಡಿತರು ಹೇಳುವುದುಂಟು. ಅಕ್ಷರ ಬಿದ್ದುಹೋದರೆ, ಹೆಚ್ಚಾಗಿ ಸೇರಿದರೆ ಅದು ನಿಜ. ಸಂಖ್ಯೆಯ ವಿಷಯದಲ್ಲಿ ಮಾತ್ರ ಅದು ಅಷ್ಟಾಗಿ ನಿಲ್ಲುವುದಿಲ್ಲ. ಮೂರು, ನಾಲ್ಕು, ಐದು, ಆರು, ಏಳು, ಎಂಟು, ಹತ್ತು ಎಂಬಿವನ್ನು ಪ್ರಸ್ತಾರ ಹಾಕಿ ನೋಡಿರಿ: ಎಲ್ಲವೂ ಒಂದು ಗುರು, ಒಂದು ಲಘು. ಸಂಧಿಯ ತೊಡಕಿಲ್ಲದ ಕಡೆ ಒಂದರ ಸ್ಥಾನದಲ್ಲಿ ಇನ್ನೊಂದು ಬಂದು ಕುಳಿತರೆ ಕಂದವೂ ಕೆಡದು, ವೃತ್ತವೂ ಕೆಡದು. ಪ್ರಾಸವಾದರೂ ಹಿಡಿದೀತೆ? ಹಳಗನ್ನಡದ ಮೂಱು, ಆಱು ಎರಡರಲ್ಲಿಯೂ ದೀರ್ಘದ ಮುಂದೆ ಶಕಟರೇಫವೇ ಇದೆ. ಪ್ರಾಸಸ್ಥಾನದಲ್ಲಿಯೂ ಎರಡೂ ಸಲ್ಲುತ್ತವೆ. ಇಂತಹ ಕಡೆ ಬೇರೆ ಓಲೆಯ ಪ್ರತಿಯಲ್ಲಿ ಏನಿದೆಯೆಂದು ನೋಡುವುದಲ್ಲದೆ ದಾರಿಯಿಲ್ಲ. ಸಂಪಾದಕರು ಅಡಿಯಲ್ಲಿ ಕೊಡುವ ಪಾಠಾಂತರಗಳ ಬೆಲೆ ಇದು. ಓದುವಾಗ ನಮ್ಮಲ್ಲಿ ಬಹುಮಂದಿ ಅದನ್ನೇ ಬಿಟ್ಟು ಮುಂದೆ ಹೋಗುತ್ತೇವೆ!

ಆಧಾರವಿಲ್ಲದ ತಿದ್ದುಪಾಟು ಎಷ್ಟು ದೂರ ಹಬ್ಬೀತೆಂಬುದಕ್ಕೆ ಪಾಲಕ್ ಸೊಪ್ಪಿನ ಕಥೆಯುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ದಶಾಂಶ ಬಿಂದುವೊಂದು ಸರಿದು, ಆ ಸೊಪ್ಪಿನ ಕಬ್ಬಿಣದ ಅಂಶ ಹತ್ತುಮಡಿಯಾಗಿ ಅಚ್ಚಾಯಿತೆಂದು ಹ್ಯಾಂಬ್ಲಿನ್ ಎಂಬ ವೈದ್ಯರು ೧೯೮೧ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬರೆದರು. ಲೋಕವೆಲ್ಲ ಅದನ್ನು ನಂಬಿತು. ನಾವೂ ತರಗತಿಯಲ್ಲಿ ಹೇಳಿದ್ದೆವು. ೨೦೧೦ರಲ್ಲಿ ಸಟನ್ ಎಂಬವರು ಮೂಲಗಳನ್ನು ಹುಡುಕಿ ನೋಡಿದಾಗ ಬಿಂದುವಿನ ಕಥೆಗೇ ಆಧಾರ ಸಿಕ್ಕಲಿಲ್ಲ. ಅಚ್ಚಿನ ದೋಷವೆಂಬುದೇ ಒಂದು ದೋಷವಾಯಿತು.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಅಚ್ಚಾದ ಅಕ್ಷರವನ್ನು ಹೊಡೆದುಹಾಕದೆ, ಅಂಚಿನಲ್ಲಿ ಸೀಸದ ಕಡ್ಡಿಯಿಂದ ನಿಮ್ಮ ಪಾಠವನ್ನೂ ಕಾರಣವನ್ನೂ ದಿನಾಂಕವನ್ನೂ ಬರೆಯಿರಿ. ಲೆಕ್ಕದಿಂದ ತಿಳಿದುದಾದರೆ ‘ಲೆಕ್ಕ’ ಎಂದೂ, ಬೇರೆ ಪ್ರತಿಯಿಂದಾದರೆ ‘ಪ್ರತಿ’ ಎಂದೂ, ಬರಿಯ ಊಹೆಯಾದರೆ ನಾಚದೆ ‘ಊಹೆ’ ಎಂದೂ ಬರೆಯಿರಿ. ನಮ್ಮ ಪುಸ್ತಕಗಳ ಅಂಚುಗಳಲ್ಲಿ ಸದ್ಯಕ್ಕೆ ಮೂರನೆಯ ಮಾತೇ ಹೆಚ್ಚಾಗಿದೆ. ಓಲೆಪ್ರತಿಗಳಿರುವ ಮನೆಗಳನ್ನು ಬಲ್ಲವರು ಸಂಘಕ್ಕೆ ತಿಳಿಸಿದರೆ ಅವುಗಳಲ್ಲಿ ಕೆಲವನ್ನಾದರೂ ಅಳಿಸಬಹುದು.