ಡೋನಟ್ ಆಯಿತು, ವಡೆ ಯಾವಾಗ?

ಬ್ಲೆಂಡರ್ ಕಲಿಯಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಮಾಡುವುದು ಒಂದು ಡೋನಟ್. ಆಂಡ್ರೂ ಪ್ರೈಸ್ ಅವರ ಪಾಠಮಾಲೆ ಅಷ್ಟು ಪ್ರಸಿದ್ಧ. ಪುಣೆಯಲ್ಲಿ ನನ್ನ ಜತೆ ಕಲಿತ ಇಬ್ಬರು ಗೆಳೆಯರ ಲ್ಯಾಪ್‌ಟಾಪಿನಲ್ಲೂ ಅದೇ ಗುಲಾಬಿ ಐಸಿಂಗ್, ಅದರ ಮೇಲೆ ಅದೇ ಬಣ್ಣಬಣ್ಣದ ಸಕ್ಕರೆಕಡ್ಡಿ. ಪಾಠ ಕೆಟ್ಟದ್ದೆಂದು ಹೇಳುತ್ತಿಲ್ಲ. ದುಬಾರಿ ಶುಲ್ಕ ಕಟ್ಟಲಾಗದವನನ್ನು ಮಾಡೆಲಿಂಗ್‌ನಿಂದ ರೆಂಡರಿಂಗ್‌ವರೆಗೆ ಕೈಹಿಡಿದು ನಡೆಸುವ ಪಾಠ ಅದು. ನನ್ನ ತಕರಾರು ಬೇರೆ. ಅದು ಮುಗಿಯುವ ಹೊತ್ತಿಗೆ ಯಾವ ಗುಂಡಿ ಎಲ್ಲಿದೆ ಎಂದು ಗೊತ್ತಾಗಿರುತ್ತದೆ, ನೋಡುವುದು ಹೇಗೆಂದು ಗೊತ್ತಾಗಿರುವುದಿಲ್ಲ. ಕೆಲಸಕ್ಕೆ ಅರ್ಜಿ ಹಾಕುವಾಗ ಅದೇ ಡೋನಟ್ ಎಲ್ಲರ ಪೋರ್ಟ್‌ಫೋಲಿಯೋದಲ್ಲೂ ಕೂತಿರುತ್ತದೆ.

ಬದಲಿಗೆ ಒಂದು ಉದ್ದಿನ ವಡೆ ಮಾಡಿ ನೋಡಿ. ಆರಂಭ ಅದೇ ಟೋರಸ್. ಆದರೆ ವಡೆಯ ತೂತು ನಟ್ಟನಡುವೆ ಇರುವುದಿಲ್ಲ, ಬೆರಳು ಹೋದ ಕಡೆ ಹೋಗಿರುತ್ತದೆ. ಮೈ ಒರಟು, ಆದರೆ ಎಲ್ಲ ಕಡೆಯೂ ಒಂದೇ ಒರಟಲ್ಲ. ಎಣ್ಣೆಯಲ್ಲಿ ಹೊರಚಾಚಿಕೊಂಡ ತುದಿಗಳು ಕಂದಾಗಿರುತ್ತವೆ, ತಗ್ಗುಗಳು ಹೊಂಬಣ್ಣಕ್ಕೇ ನಿಂತಿರುತ್ತವೆ. ಬರೀ ನಾಯ್ಸ್ ಟೆಕ್ಸ್ಚರ್ ಹಾಕಿ ಉಬ್ಬಿಸಿದರೆ ಬರುವುದು ಚಂದ್ರನ ನೆಲ, ವಡೆಯಲ್ಲ. ಹೋಟೆಲಿನಲ್ಲಿ ತಟ್ಟೆ ಮುಂದಿಟ್ಟುಕೊಂಡು ತಿನ್ನದೆ ನೋಡುತ್ತ ಕೂರಬೇಕು. ಕಷ್ಟ ಅದೇ!

ಈ ತಂತ್ರಾಂಶದ ಚರಿತ್ರೆಯಲ್ಲೂ ಇದೇ ಜಗ್ಗಾಟ ಕಾಣುತ್ತದೆ. 2002ರಲ್ಲಿ ಕಂಪನಿ ಮುಳುಗಿದಾಗ ಟೋನ್ ರೋಸೆಂಡಾಲ್ ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಚಂದಾ ಎತ್ತಿ ಬ್ಲೆಂಡರನ್ನು ಬಿಡಿಸಿಕೊಂಡು ಮುಕ್ತಗೊಳಿಸಿದರು. ಆಮೇಲೆ ಅದನ್ನು ಬೆಳೆಸಲೆಂದೇ ಕಿರುಚಿತ್ರಗಳು ಬಂದವು. 2006ರ 'ಎಲಿಫೆಂಟ್ಸ್ ಡ್ರೀಮ್' ಇಂದು ಯಂತ್ರಗಳ ವಸ್ತುಪ್ರದರ್ಶನದಂತೆ ಕಾಣುತ್ತದೆ. ಇಬ್ಬರು ಮಾತಾಡುತ್ತಲೇ ಇರುತ್ತಾರೆ, ನಮಗೆ ಏನೂ ಆಗುವುದಿಲ್ಲ. 2010ರ 'ಸಿಂಟೆಲ್' ಹಾಗಲ್ಲ. ತಾನು ಕೊಂದದ್ದು ತಾನೇ ಸಾಕಿದ್ದ ಡ್ರ್ಯಾಗನ್ ಎಂದು ಹುಡುಗಿ ಅದರ ರೆಕ್ಕೆಯ ಗಾಯದ ಗುರುತಿನಿಂದ ಅರಿಯುವ ಗಳಿಗೆಯಲ್ಲಿ ಅವಳ ಕೂದಲು ಸಹಜವಾಗಿದೆಯೇ ಎಂದು ಯಾರೂ ಪರೀಕ್ಷಿಸುವುದಿಲ್ಲ.

2025ರಲ್ಲಿ ಆಸ್ಕರ್ ಪಡೆದ 'ಫ್ಲೋ' ಇನ್ನೂ ಮುಂದೆ ಹೋಗುತ್ತದೆ. ಲಾಟ್ವಿಯಾದ ಗಿಂಟ್ಸ್ ಜಿಲ್ಬಾಲೋಡಿಸ್ ಇದನ್ನು ಮಾಡಿದ್ದು ಬ್ಲೆಂಡರಿನಲ್ಲೇ. ಬೆಕ್ಕಿನ ಮೈಮೇಲೆ ಒಂದೊಂದು ಕೂದಲೂ ಬಿಡಿಬಿಡಿಯಾಗಿ ಕಾಣುವುದಿಲ್ಲ, ಕುಂಚದಲ್ಲಿ ಬಳಿದಂತಿದೆ. ಡೋನಟ್ ಶಾಲೆಯಲ್ಲಿ ಇದು ನಪಾಸು. ಆದರೆ ಜಿಗಿಯುವ ಮುನ್ನ ಅದು ಅಂತರ ಅಳೆಯುತ್ತ ಹಿಂಜರಿಯುವ ರೀತಿ ಬೆಕ್ಕು ಸಾಕಿದವರಿಗೆ ಗೊತ್ತು. ನಿರ್ದೇಶಕರು ಸ್ಟೋರಿಬೋರ್ಡ್ ಬರೆಯದೆ, ಮೂರು ಆಯಾಮದ ಲೋಕದೊಳಗೇ ಕ್ಯಾಮೆರಾ ತಿರುಗಿಸುತ್ತ ದೃಶ್ಯಗಳನ್ನು ಹುಡುಕಿಕೊಂಡವರು. ಉದ್ದುದ್ದದ ಶಾಟ್‌ಗಳಲ್ಲಿ ಆ ಹುಡುಕಾಟ ಹಾಗೇ ಉಳಿದಿದೆ, ಮುಂದೇನಾಗುತ್ತದೆಂದು ಕ್ಯಾಮೆರಾಕ್ಕೂ ತಿಳಿಯದು ಅನ್ನಿಸುವಷ್ಟು.

ಚಿತ್ರದಲ್ಲಿ ಮಾತೇ ಇಲ್ಲ. ಕೋಣೆಯಲ್ಲಿ ನಾವು ಮೂವರು, ಮೂರು ಭಾಷೆಯವರು. ಸಬ್‌ಟೈಟಲ್ ಯಾವ ಭಾಷೆಯದಿರಲಿ ಎಂಬ ಮಾಮೂಲಿ ಜಗಳವಿಲ್ಲದೆ ನೋಡಿ ಮುಗಿಸಿದೆವು. ಆ ಉದ್ದಕಾಲಿನ ಸೆಕ್ರೆಟರಿ ಹಕ್ಕಿ ಚುಕ್ಕಾಣಿ ಹಿಡಿದು ದೋಣಿ ನಡೆಸುವಾಗ ಮಾತ್ರ ನನ್ನ ನಂಬಿಕೆ ಸಡಿಲವಾಯಿತು. ಅಲ್ಲಿಯವರೆಗೆ ಪ್ರಾಣಿಯಾಗಿದ್ದದ್ದು ಅಲ್ಲಿ ಮನುಷ್ಯನ ವೇಷ ಹಾಕುತ್ತದೆ. ಮರಾಠಿ ಗೆಳೆಯ ತಲೆಯಾಡಿಸಿದ. ತಮಿಳು ಗೆಳೆಯ ಮಾತ್ರ ಒಪ್ಪಲಿಲ್ಲ, ಆ ಹಕ್ಕಿಯೇ ಚಿತ್ರದ ಜೀವ ಅಂದ.