ಉತ್ತರಕುಮಾರನ ವಂಶದ ಬಾತುಕೋಳಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಚಿತ್ರಶಾಲೆಗಳಿಂದ ಹೊರಬಿದ್ದ ಏಳೆಂಟು ನಿಮಿಷಗಳ ಕಾರ್ಟೂನು ಚಿತ್ರಗಳ ವಿಷಯದಲ್ಲಿ ಒಂದು ತೀರ್ಪು ಬಹುಕಾಲದಿಂದ ಬಾಯಿಂದ ಬಾಯಿಗೆ ಸಾಗಿಬಂದಿದೆ. ದೇಶಭಕ್ತಿ ಒಳಹೊಕ್ಕೊಡನೆ ಹಾಸ್ಯವು ಹಿತ್ತಿಲ ಬಾಗಿಲಿನಿಂದ ಹೊರಟುಹೋಯಿತು, ಉಳಿದದ್ದು ಸರಕಾರದ ಡಂಗುರ ಮಾತ್ರ, ಆ ರಾಶಿಯಲ್ಲಿ ಆಯ್ದಿಡತಕ್ಕದ್ದು ಡಿಸ್ನಿಯವರ ‘ಡೆರ್ ಫ್ಯೂರರ್ಸ್ ಫೇಸ್’ ಒಂದೇ ಎಂಬುದು ಆ ತೀರ್ಪು. ಇದರ ಮೊದಲರ್ಧವನ್ನು ಹೇಗೋ ಸಹಿಸಿಕೊಂಡೇನು. ಎರಡನೆಯ ಅರ್ಧವನ್ನು ರಸಿಕರೆನಿಸಿಕೊಂಡವರು ತಲೆದೂಗುತ್ತ ಹೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ, ಮತ್ತು ಈ ಲೇಖನವು ಆ ಉರಿಯಿಂದಲೇ ಹುಟ್ಟಿದ್ದೆಂದು ಓದುಗರಿಗೆ ಮೊದಲೇ ಅರಿಕೆ ಮಾಡಿಬಿಡುವುದು ಲೇಸು.

ಜ್ಯಾಕ್ ಕಿನ್ನಿ ನಿರ್ದೇಶಿಸಿದ, 1943ರ ಜನವರಿಯಲ್ಲಿ ತೆರೆಕಂಡು ಆಸ್ಕರ್ ಬಹುಮಾನವನ್ನೂ ಗಳಿಸಿದ ಆ ಚಿತ್ರದಲ್ಲಿ ನಗಲು ಏನೂ ಇಲ್ಲವೆಂದು ನಾನು ವಾದಿಸಲಾರೆ. ಮದ್ದುಗುಂಡಿನ ಕಾರ್ಖಾನೆಯಲ್ಲಿ ತಿರುಪು ಬಿಗಿಯುತ್ತ ನಿಂತ ಡೊನಾಲ್ಡ್ ಡಕ್, ಗುಂಡುಗಳ ಸಾಲಿನ ನಡುವೆ ಹಿಟ್ಲರನ ಭಾವಚಿತ್ರ ಬಂದಾಗಲೆಲ್ಲ ಕೈಯೆತ್ತಿ ವಂದಿಸಬೇಕಾಗಿ ಬಂದು ಕ್ರಮೇಣ ಬುದ್ಧಿಭ್ರಮಣೆಗೆ ತುತ್ತಾಗುವುದೂ, ಇದ್ದೊಂದು ಕಾಫಿಬೀಜವನ್ನು ದಾರಕ್ಕೆ ಕಟ್ಟಿ ನೀರಿನಲ್ಲಿ ಅದ್ದಿ ತೆಗೆಯುವುದೂ, ಮರದಂತೆ ಗಟ್ಟಿಯಾದ ಬ್ರೆಡ್ಡನ್ನು ಗರಗಸದಿಂದ ಕೊಯ್ಯುವುದೂ ನಿಜವಾದ ಕೌಶಲದ ಫಲಗಳೇ. ಆದರೆ ಮುಕ್ತಾಯವನ್ನು ನೋಡಿರಿ. ಇದೆಲ್ಲ ದುಃಸ್ವಪ್ನವೆಂದು ತಿಳಿದು ಎಚ್ಚತ್ತ ಡೊನಾಲ್ಡನು ಸ್ವಾತಂತ್ರ್ಯದೇವಿಯ ಪುಟ್ಟ ವಿಗ್ರಹವನ್ನಪ್ಪಿ, ತಾನು ಅಮೆರಿಕದ ಪ್ರಜೆಯಾದುದಕ್ಕೆ ಹಿಗ್ಗಿ ಹೀರೇಕಾಯಾಗುತ್ತಾನೆ. ಅಲ್ಲಿಯವರೆಗೆ ನಾವು ನಕ್ಕದ್ದೆಲ್ಲ ಪರರಾಷ್ಟ್ರದ ಖಾತೆಗೆ ಜಮೆಯಾಗಿ, ನೋಡುಗನ ಮೈಗೆ ಒಂದು ಗೀರೂ ಬೀಳದೆ, ಮಂಗಳಾರತಿ ಮುಗಿದು ಪರದೆ ಇಳಿಯುತ್ತದೆ. (ಅದೇ ಚಿತ್ರಶಾಲೆಯ ಕಲಾವಿದರು 1941ರಲ್ಲಿ ಮಾಲೀಕರ ವಿರುದ್ಧ ಮುಷ್ಕರ ಹೂಡಿದ್ದರೆಂಬುದನ್ನು ನೆನೆದರೆ, ಕಾರ್ಖಾನೆಯ ಯಾತನೆಯೆಲ್ಲ ಜರ್ಮನಿಯಲ್ಲೇ ಇತ್ತೆಂಬ ಭಾವನೆ ಬಲು ಅನುಕೂಲದ್ದಾಗಿ ತೋರುತ್ತದೆ.)

ಇದಕ್ಕೆ ಪ್ರತಿಯಾಗಿ ನಾನು ಎತ್ತಿಹಿಡಿಯಬಯಸುವುದು ಇನ್ನೊಂದು ಬಾತುಕೋಳಿಯನ್ನು. ವಾರ್ನರ್ ಸಹೋದರರ ಚಿತ್ರಶಾಲೆಯಲ್ಲಿ ಬಾಬ್ ಕ್ಲ್ಯಾಂಪೆಟ್ ನಿರ್ದೇಶಿಸಿದ ‘ಡ್ರಾಫ್ಟೀ ಡ್ಯಾಫಿ’ ತೆರೆಗೆ ಬಂದದ್ದು 1945ರ ಜನವರಿ 27ರಂದು, ಎಂದರೆ ಬೆಲ್ಜಿಯಮ್ಮಿನ ಆರ್ಡೆನ್ ಕಾಡುಗಳ ಹಿಮದಲ್ಲಿ ಸಾವಿರಾರು ಅಮೆರಿಕನ್ ಸೈನಿಕರನ್ನು ಬಲಿತೆಗೆದುಕೊಂಡ ಕಾಳಗ ಮುಗಿದು ಎರಡೇ ದಿನಗಳಾಗಿದ್ದಾಗ. ಪತ್ರಿಕೆಯಲ್ಲಿ ತನ್ನ ಸೈನ್ಯದ ವಿಜಯವಾರ್ತೆಯನ್ನೋದಿದ ಡ್ಯಾಫಿ ಆನಂದತುಂದಿಲನಾಗಿ ಮನೆಯೊಳಗೇ ಕವಾಯತು ಹೊಡೆಯುತ್ತಾನೆ, ಹಾಡುತ್ತಾನೆ, ಶತ್ರುವನ್ನು ಮಾತಿನಲ್ಲೇ ನುಚ್ಚುನೂರು ಮಾಡುತ್ತಾನೆ. ಅಷ್ಟರಲ್ಲಿ ದೂರವಾಣಿ ಬಾರಿಸುತ್ತದೆ. ಕಡ್ಡಾಯ ಭರ್ತಿಯ ಕಛೇರಿಯ ಕುಳ್ಳ ಮನುಷ್ಯನೊಬ್ಬ ಅವನಿಗೆ ಓಲೆ ಕೊಡಲು ಹೊರಟಿದ್ದಾನಂತೆ! ಆ ಕ್ಷಣದಲ್ಲಿ ಡ್ಯಾಫಿಯ ಶರೀರಕ್ಕೆ ಏನಾಗುತ್ತದೆಂಬುದನ್ನು ಕಣ್ಣಾರೆ ಕಂಡೇ ತಿಳಿಯಬೇಕು. ಕ್ಲ್ಯಾಂಪೆಟ್ಟನ ಕೈಯಲ್ಲಿ ಭಯವು ಮುಖದ ಮೇಲಿನ ಒಂದು ಭಾವವಾಗಿ ನಿಲ್ಲದೆ ಕೊಕ್ಕು, ಕೊರಳು, ರೆಕ್ಕೆ, ಕಾಲುಗಳನ್ನೆಲ್ಲ ಎಳೆದು ಹಿಗ್ಗಿಸಿ ಮುದುರಿ ತಿರುಚುವ ಭೌತಿಕ ಶಕ್ತಿಯಾಗಿಬಿಡುತ್ತದೆ, ಅದಕ್ಕೆ ಮೆಲ್ ಬ್ಲ್ಯಾಂಕನ ಕಂಠದ ಚೀತ್ಕಾರವು ಶ್ರುತಿ ಹಿಡಿಯುತ್ತದೆ. ಪರದೆಗಳು ಬೀಳುತ್ತವೆ, ಬಾಗಿಲುಗಳು ಮುಚ್ಚುತ್ತವೆ. ಆದರೆ ಕುಳ್ಳನು ತೆರೆದಲ್ಲೆಲ್ಲ, ಮುಚ್ಚಿದಲ್ಲೆಲ್ಲ, ಸೌಜನ್ಯದ ಪ್ರತಿಮೂರ್ತಿಯಾಗಿ ಕಾಗದ ಹಿಡಿದು ನಿಂತಿದ್ದಾನೆ. ಕಟ್ಟಕಡೆಗೆ ರಾಕೆಟ್ಟನ್ನೇರಿ ಪಲಾಯನ ಮಾಡಿದ ಡ್ಯಾಫಿ ನೇರವಾಗಿ ನರಕಕ್ಕೆ ಬಿದ್ದು, ಸದ್ಯ ಆ ಮನುಷ್ಯನಿಂದಾದರೂ ತಪ್ಪಿಸಿಕೊಂಡೆನೆಂದು ಅಲ್ಲಿಯ ಯಮದೂತನೊಡನೆ ಹೇಳಿ ನಿಟ್ಟುಸಿರಿಡಲು, ಯಮದೂತನು ಮುಖವಾಡ ಕಳಚುತ್ತಾನೆ. ಆತನೇ ಆ ಕುಳ್ಳ.

ಬರ ಬಿದ್ದಾಗ ಮಳೆಗಾಗಿ ವಿರಾಟಪರ್ವವನ್ನು ಓದಿಸುವ ನಾಡಿನಲ್ಲಿ ಹುಟ್ಟಿದವರಿಗೆ ಈ ಡ್ಯಾಫಿಯ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾದುದಿಲ್ಲ. ಅಂತಃಪುರದ ಹೆಂಗಳೆಯರ ನಡುವೆ ಮೀಸೆ ತಿರುವಿ ಕೌರವರನ್ನೆಲ್ಲ ಮಾತಿನಲ್ಲಿ ಕೊಂದು, ಸೇನಾಸಮುದ್ರವನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದ ಉತ್ತರಕುಮಾರನನ್ನು ಕುಮಾರವ್ಯಾಸನು ಎಷ್ಟು ಅಕ್ಕರೆಯಿಂದ ಚಿತ್ರಿಸಿದ್ದಾನೆಂದರೆ, ಗಮಕಿಗಳು ಆ ಭಾಗಕ್ಕೆ ಬಂದಾಗ ಸಭೆಯಲ್ಲಿ ತೂಕಡಿಸುವವರೂ ಎದ್ದು ಕೂಡುತ್ತಾರೆ. ಉತ್ತರನ ಪೌರುಷ ಒಲೆಯ ಮುಂದೆ ಎಂದು ನಮ್ಮ ಹೆಂಗಸರು ಇಂದಿಗೂ ಗಂಡಸರನ್ನು ಹಂಗಿಸುವುದುಂಟು. ಭೇದವೊಂದಿದೆ, ಅದನ್ನು ಮರೆಮಾಚಲಾಗದು. ಬೃಹನ್ನಳೆಯು ಉತ್ತರನನ್ನು ಎಳೆತಂದು ಸಾರಥಿಯಾಗಿಸುತ್ತಾಳೆ, ಅವನು ಧೈರ್ಯ ಕಲಿಯುತ್ತಾನೆ, ಮುಂದೆ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಕೈಯಲ್ಲಿ ಮಡಿಯುತ್ತಾನೆ. ಡ್ಯಾಫಿಯನ್ನು ಯಾರೂ ತಿದ್ದುವುದಿಲ್ಲ. ನರಕದಲ್ಲಿಯೂ ಅವನು ಓಡುತ್ತಲೇ ಇದ್ದಾನೆ. ಈ ಒಂದು ವಿಷಯದಲ್ಲಿ ಮಾತ್ರ ನಾನು ಕ್ಲ್ಯಾಂಪೆಟ್ಟನ ಪಕ್ಷಪಾತಿ, ಗದುಗಿನ ವೀರನಾರಾಯಣನು ಕ್ಷಮಿಸಲಿ.

ಏಕೆಂದರೆ ಆ ಚಿತ್ರವನ್ನು ಮೊದಲು ನೋಡಿದವರು ಯಾರು? ಆ ಯುದ್ಧದಲ್ಲಿ ಅಮೆರಿಕದ ಸುಮಾರು ಒಂದು ಕೋಟಿ ಗಂಡಸರು ಕಡ್ಡಾಯ ಭರ್ತಿಯಿಂದಲೇ ಸೈನ್ಯ ಸೇರಿದ್ದರು. ಕತ್ತಲ ಚಿತ್ರಮಂದಿರದಲ್ಲಿ ಅಂಥ ಓಲೆ ಬಂದು ಹೋದ ಮನೆಯವರೇ ಕುಳಿತಿದ್ದರು. ಓಲೆ ಕಂಡಾಗ ತಮ್ಮ ಎದೆಯೂ ಹಾಗೆಯೇ ಧಸಕ್ಕೆಂದಿತ್ತೆಂಬುದನ್ನು ಅವರಿಗೆ ನಗುವಿನ ನೆಪದಲ್ಲಿ ಒಪ್ಪಿಕೊಳ್ಳಗೊಟ್ಟ ಚಿತ್ರ ಇದು. ಭರ್ತಿಯಿಂದ ಪಾರಾಗಲಾರಿರಿ ಎಂಬ ಸರಕಾರದ ಮಾತನ್ನೂ ಇದೇ ಚಿತ್ರ ಹೇಳುತ್ತದಲ್ಲಾ ಎಂದು ಆಕ್ಷೇಪಿಸುವವರಿಗೆ, ಹೌದು, ಹೇಳುತ್ತದೆ, ಆದರೆ ಸರಕಾರವನ್ನು ಯಮದೂತನ ವೇಷದಲ್ಲಿ ನಿಲ್ಲಿಸಿ ಹೇಳುತ್ತದೆ ಎಂದಷ್ಟೇ ನನ್ನ ಉತ್ತರ. ಭಾರತೀಯ ಸೈನ್ಯಕ್ಕೆ ಆ ಯುದ್ಧದಲ್ಲಿ 25 ಲಕ್ಷ ಮಂದಿ ಸೇರಿದ್ದರೂ ಕಡ್ಡಾಯದ ಓಲೆ ನಮ್ಮ ಮನೆಬಾಗಿಲಿಗೆ ಬಂದಿರಲಿಲ್ಲವಾಗಿ, ಈ ನಗೆಯ ಕಹಿ ನಮ್ಮ ರಸಿಕರ ನಾಲಗೆಗೆ ತಟ್ಟದೆ ಹೋಗಿರಬಹುದು.

ಸೈನಿಕರಿಗಾಗಿಯೇ ತಯಾರಾದ ‘ಪ್ರೈವೇಟ್ ಸ್ನಾಫೂ’ ಮಾಲಿಕೆಯ ಮಾತನ್ನು ಇಲ್ಲಿ ಬಹಳ ಬೆಳೆಸಲಾರೆ. ಫ್ರ್ಯಾಂಕ್ ಕ್ಯಾಪ್ರಾನ ಮೇಲ್ವಿಚಾರಣೆಯಲ್ಲಿ, ಮುಂದೆ ಡಾಕ್ಟರ್ ಸ್ಯೂಸ್ ಎಂದು ಮಕ್ಕಳಿಗೆಲ್ಲ ಪ್ರಿಯನಾದ ಥಿಯೊಡೋರ್ ಗೈಸೆಲ್ ಮೊದಲಾದವರು ಬರೆದು, ಚಕ್ ಜೋನ್ಸ್ ಮೊದಲಾದವರು ನಿರ್ದೇಶಿಸಿದ ಆ ಚಿತ್ರಗಳಲ್ಲಿ ಹೆಡ್ಡ ಸಿಪಾಯಿಯೊಬ್ಬ ಗುಟ್ಟು ಬಿಟ್ಟುಕೊಟ್ಟು, ಸೊಳ್ಳೆಪರದೆಯನ್ನು ಅಲಕ್ಷಿಸಿ ಮಲೇರಿಯಾಕ್ಕೆ ಸಿಕ್ಕು ಪಾಡುಪಡುತ್ತಾನೆ. ಅವನನ್ನು ನೋಡಿ ನಕ್ಕ ಸಿಪಾಯಿ ತನ್ನನ್ನು ನೋಡಿಯೇ ನಕ್ಕದ್ದು.

ಇನ್ನು ಈ ಸಂಪ್ರದಾಯದ ಕಳಂಕಕ್ಕೆ ಬರೋಣ. ಫ್ರಿಜ್ ಫ್ರೆಲೆಂಗನ 1944ರ ‘ಬಗ್ಸ್ ಬನ್ನಿ ನಿಪ್ಸ್ ದ ನಿಪ್ಸ್’ ಚಿತ್ರದಲ್ಲಿ ಮೊಲರಾಯನು ಜಪಾನೀ ಸೈನಿಕರನ್ನು ಅವರ ಕಣ್ಣು ಹಲ್ಲುಗಳನ್ನು ಹಿಡಿದು ಅಣಕಿಸಿ, ಐಸ್‌ಕ್ರೀಮಿನಲ್ಲಿ ಕೈಬಾಂಬಿಟ್ಟು ಹಂಚುತ್ತಾನೆ. ಒಂದು ಜನಾಂಗದ ಮುಖವನ್ನೇ ಅಪರಾಧವೆಂದು ಬಗೆದ ಈ ಚಿತ್ರ ಹೇಯವಾದದ್ದು. ಕಾಲಧರ್ಮದ ನೆಪವೊಡ್ಡಿ ಇದನ್ನು ಪಾರುಗಾಣಿಸಲು ನಾನು ಸಿದ್ಧನಿಲ್ಲ. ಆದರೆ ಹಾಸ್ಯದ ದೃಷ್ಟಿಯಿಂದಲೂ ಇದು ಸತ್ತ ಚಿತ್ರವೆಂಬುದನ್ನು ಯಾರೂ ಹೇಳುತ್ತಿಲ್ಲ. ಬಗ್ಸ್ ಬನ್ನಿಗೆ ಇಲ್ಲಿ ಭಯವೆಂಬುದೇ ಇಲ್ಲ, ಅವನು ವೀರ, ಮತ್ತು ವೀರನೊಬ್ಬ ಇತರರನ್ನು ಬಡಿಯುವುದರಲ್ಲಿ ನಗಲು ಏನಿದೆ? ಅತ್ತ ಜಪಾನಿನ ನೌಕಾಪಡೆಯ ಆಶ್ರಯದಲ್ಲಿ ಮಿತ್ಸುಯೊ ಸೆಯೊ ನಿರ್ಮಿಸಿದ ಮೊಮೊತಾರೊ ಚಿತ್ರಗಳೂ ಇದೇ ಜಾಡಿನವು. 1945ರ ದೀರ್ಘಚಿತ್ರದಲ್ಲಿ ಮುದ್ದು ಪ್ರಾಣಿಗಳ ಸೈನ್ಯವು ಒಬ್ಬನೂ ಅಳುಕದೆ ಆಕಾಶದಿಂದಿಳಿದು ಬ್ರಿಟಿಷರನ್ನು ಶರಣಾಗಿಸುತ್ತದೆ. ಚಿತ್ರಗಾರಿಕೆ ಅದ್ಭುತ, ನಗೆ ಶೂನ್ಯ. ಪುಕ್ಕಲನಿಲ್ಲದ ಸೈನ್ಯ ಎರಡೂ ಕಡೆ ಒಂದೇ ಬಗೆಯ ಚಿತ್ರವನ್ನು ಮಾಡಿಸಿತು.

ಭರತಮುನಿಯು ಹಾಸ್ಯವನ್ನು ಶೃಂಗಾರದಿಂದ ಹುಟ್ಟಿಸಿದ್ದಾನೆ. ಅಭಿನವಗುಪ್ತನು ಇನ್ನೂ ಮುಂದುವರಿದು, ಯಾವ ರಸದ ಆಭಾಸದಿಂದಲೂ ಹಾಸ್ಯ ಹುಟ್ಟಬಲ್ಲದೆಂದ. ಡ್ಯಾಫಿಯಲ್ಲಿ ನಾವು ಕಾಣುವುದು ವೀರದ ಆಭಾಸವನ್ನು. ಇಷ್ಟು ಬಲವಾದ ಶಾಸ್ತ್ರದ ಆಧಾರವಿದ್ದೂ ನಮ್ಮ ವಿಮರ್ಶಕರು ಹಾಸ್ಯವನ್ನು ಪಂಕ್ತಿಯ ಕೊನೆಯ ಎಲೆಗೆ ಕೂಡಿಸಿ, ಬಯಲಾಟದ ಹಾಸ್ಯಗಾರನ ವಿಷಯದಲ್ಲಿ ಅರ್ಧ ವಾಕ್ಯ ಬರೆದು, ರಾಜವೇಷದ ಕಿರೀಟದ ಮಿಂಚಿಗೆ ಪುಟಗಟ್ಟಲೆ ಮೀಸಲಿಡುತ್ತಾರೆ. ಡೊನಾಲ್ಡನನ್ನು ಮೆಚ್ಚಿ ಡ್ಯಾಫಿಯನ್ನು ಮರೆಯುವ ರುಚಿಯೂ ಇದೇ ರುಚಿ.

ನಮ್ಮ ಕಲಬುರಗಿಯ ಕಡೆಯಲ್ಲಿ ಈ ರುಚಿ ಪ್ರತಿವರ್ಷ ಸೆಪ್ಟೆಂಬರ್ 17ರಂದು ಧ್ವಜದೊಡನೆ ಮೇಲೇರುತ್ತದೆ. 1948ರಲ್ಲಿ ಐದು ದಿನಗಳ ಪೊಲೀಸ್ ಕಾರ್ಯಾಚರಣೆಯಿಂದ ನಿಜಾಮನ ಆಳಿಕೆ ಮುಗಿದುದನ್ನು ನೆನೆಯುವ ಆ ಭಾಷಣಗಳಲ್ಲಿ ಎಲ್ಲರೂ ಎದೆಗೊಟ್ಟವರೇ. ನಿಜವಾಗಿ ಎದೆಗೊಟ್ಟವರಿದ್ದರು, ಅವರಿಗೆ ನಮಸ್ಕಾರ. ಆದರೆ ಕೋಟನೂರಿನ ಕಟ್ಟೆಯ ಮೇಲೆ ನಾನು ಚಿಕ್ಕಂದಿನಲ್ಲಿ ಹಿರಿಯರ ಬಾಯಿಂದ ಕೇಳಿದ ರಜಾಕಾರರ ಹಾವಳಿಯ ಕಥೆಗಳು ಬೇರೆ ಜಾತಿಯವು. ಕುದುರೆಯ ಸಪ್ಪಳ ಕೇಳಿ ಬರಿದಾದ ಹಗೇವಿಗಿಳಿದ ಗೌಡರೊಬ್ಬರು ಜೋಳದ ಹೊಟ್ಟಿಗೆ ಸೀನು ತಡೆಯಲಾರದೆ ಬಾಯಿಗೆ ರುಮಾಲು ತುರುಕಿಕೊಂಡು ಕುಳಿತದ್ದು, ಕಡೆಗೆ ನೋಡಿದರೆ ಬಂದದ್ದು ಸ್ವಂತ ಅಳಿಯನ ಕುದುರೆಯಾಗಿದ್ದದ್ದು. ಇದನ್ನು ಹೇಳುತ್ತ ಹೇಳುತ್ತ ಆ ಮುದುಕರು ಕಣ್ಣೊರೆಸಿಕೊಳ್ಳುತ್ತಿದ್ದರು, ಅದು ನಗೆಯಿಂದಲೋ ಬೇರೆಯದರಿಂದಲೋ ಕೇಳುವ ಧೈರ್ಯ ನಮಗಿರಲಿಲ್ಲ. ಇಂಥ ಕಥೆಯನ್ನು ವೇದಿಕೆಯ ಮೇಲೆ ಆಡಿಸೋಣವೆಂದರೆ ಹೋರಾಟಕ್ಕೆ ಅಪಮಾನವಾಗುತ್ತದೆಂದು ಹೇಳುವ ಭಾಷಣಕಾರರು, ಒಬ್ಬನೂ ಅಂಜದ, ಒಬ್ಬನೂ ಓಡದ ಊರುಗಳಿಂದ ರಾತ್ರೋರಾತ್ರಿ ಅಷ್ಟು ಗಾಡಿಗಳು ಸೊಲ್ಲಾಪುರದ ಹಾದಿ ಹಿಡಿದದ್ದು ಹೇಗೆಂಬುದನ್ನು ತಾವೇ ವಿವರಿಸಬೇಕು.