ಹಳೇ ಕಂಬಳಿಯ ಕಸುವು

ಸಂತೆಯ ಹಳೇ ಬಟ್ಟೆ ರಾಶಿಯಲ್ಲಿ ಡೆಕ್ಕನಿ ಕುರಿಯ ಕರಿಕಂಬಳಿ ಸಿಕ್ಕರೆ ಬಿಡಬಾರದು. ಅಂಚಿನಿಂದ ಒಂದೆಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾದರೆ ಅಪ್ಪಟ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ನುಸಿ ತಿಂದ ತೂತು ಒಂದೆರಡಿದ್ದರೆ ಚಿಂತೆಯಿಲ್ಲ. ಚಳ್ಳಕೆರೆ ಕಡೆಯ ಕುರುಬರು ನೇಯುವ ಮುನ್ನ ಹಾಸಿನ ಎಳೆಗಳಿಗೆ ಹುಣಸೆಬೀಜದ ಸರಿ ಹಚ್ಚಿ ಕುಂಚದಲ್ಲಿ ತೀಡುತ್ತಾರೆ. ಆ ಸರಿಯಿಂದ ಹೊಸ ಕಂಬಳಿಗೆ ಬರುವ ಬಿರುಸು ವರ್ಷಗಳ ಬಳಕೆಯಲ್ಲಿ ಕಳೆದು, ಎಳೆಗಳು ಹೆಣೆದುಕೊಂಡು ಮೈ ಒತ್ತಾಗಿರುತ್ತದೆ. ನನಗಂತೂ ಹೊಸದಕ್ಕಿಂತ ಹಳೆಯದೇ ಇಷ್ಟ.

ತೊಳೆಯುವುದೂ ಕುಶಲ ಕೆಲಸವೇ. ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು ಧೂಳು ಕೊಡವಿ, ತಣ್ಣೀರಲ್ಲಿ ಅಂಟುವಾಳದ ನೊರೆಯೆಬ್ಬಿಸಿ ನೆನೆಹಾಕಬೇಕು. ಬಿಸಿನೀರು, ಉಜ್ಜಾಟ ಕೂಡದು. ಮಾಡಿದರೆ ಉಣ್ಣೆಯೆಳೆಯ ಮೇಲಿನ ಸೂಕ್ಷ್ಮ ಹುರುಪೆಗಳು ಸಿಕ್ಕಿಕೊಂಡು ಕಂಬಳಿ ಕುಗ್ಗುತ್ತದೆ. ಸೋಡಾ ಎಳೆಯನ್ನೇ ತಿನ್ನುತ್ತದೆ. ನೀರು ಕಾಫಿಬಣ್ಣಕ್ಕೆ ತಿರುಗಿ ಕುರಿಯ ವಾಸನೆ ಎದ್ದುಬರುವ ಗಳಿಗೆ ನನಗೆ ಬಲು ಪ್ರಿಯ. ಹಿಂಡದೆ ಒತ್ತಿ ನೀರಿಳಿಸಿ ನೆರಳಲ್ಲಿ ಹರಡಿದರೆ ಕಪ್ಪು ಮತ್ತೆ ಹೊಳೆಯುತ್ತದೆ. ಬಣ್ಣ ಅದ್ದಿದ ಕಪ್ಪಲ್ಲ ಅದು, ಕುರಿಯ ಮೈಯದೇ. ಮಡಿಕೆಗಳ ನಡುವೆ ಒಣ ಬೇವಿನೆಲೆ ಇಟ್ಟರೆ ಮುಂದಿನ ಮಾಗಿಗೆ ಕಂಬಳಿ ಸಿದ್ಧ.